ದಿವಾಳಿಯಾದ ಶ್ರೀಲಂಕಾ ಪಟ್ಟಿಯಲ್ಲಿ ನಮಗಿಂತ ಮೇಲಿರುವುದು ಹೇಗೆ?

ಪ್ರಶ್ನೆ: 2022ರಲ್ಲಿ ಶ್ರೀಲಂಕಾದಲ್ಲಿ ಪೆಟ್ರೋಲ್ ಇರಲಿಲ್ಲ, ಗ್ಯಾಸ್ ಇರಲಿಲ್ಲ, ಕೊನೆಗೆ ನಾವೇ ಸಾಲ ಕೊಟ್ಟೆವು. ಆದರೂ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ಪಟ್ಟಿಯಲ್ಲಿ ಅವರು ನಮಗಿಂತ ಎಷ್ಟೋ ಮೇಲೆ. ಇಂಥ ಪಟ್ಟಿಯನ್ನು ನಂಬಬಹುದಾ?

ನಂಬಬಹುದು. ಆದರೆ ಅದು ಏನನ್ನು ಅಳೆಯುತ್ತದೆ ಅನ್ನುವುದನ್ನು ಮೊದಲು ನೋಡಬೇಕು.

2025ರ ವರದಿಯಲ್ಲಿ 193 ದೇಶಗಳ ಪೈಕಿ ಶ್ರೀಲಂಕಾ 89ನೇ ಸ್ಥಾನದಲ್ಲಿದೆ, ಭಾರತ 130ರಲ್ಲಿ. ಲೆಕ್ಕ ಹಾಕುವುದು ಮೂರೇ ಸಂಗತಿ: ಜನ ಎಷ್ಟು ವರ್ಷ ಬದುಕುತ್ತಾರೆ, ಎಷ್ಟು ವರ್ಷ ಓದುತ್ತಾರೆ, ತಲಾ ಆದಾಯ ಎಷ್ಟು. ಬಂಕಿನ ಮುಂದಿನ ಸಾಲು ಇದರಲ್ಲಿ ಎಲ್ಲೂ ಬರುವುದಿಲ್ಲ. ಸರ್ಕಾರ ವಿದೇಶಿ ಸಾಲದ ಕಂತು ಕಟ್ಟದೆ ಕೈಚೆಲ್ಲಿದ ಮಾತ್ರಕ್ಕೆ, ಮೂವತ್ತು ವರ್ಷದ ಹಿಂದೆ ಹತ್ತನೇ ಕ್ಲಾಸ್ ಮುಗಿಸಿದವಳ ಓದು ಅಳಿಸಿ ಹೋಗುವುದಿಲ್ಲ ಅಲ್ವಾ? ನಮ್ಮಲ್ಲಿ 25 ದಾಟಿದವರು ಶಾಲೆಯಲ್ಲಿ ಕಳೆದದ್ದು ಸರಾಸರಿ 7 ವರ್ಷವೂ ಇಲ್ಲ. ಅವರದು ಹತ್ತರ ಮೇಲೆ. ಅಲ್ಲಿ 1945ರಿಂದಲೇ ಶಿಶುವಿಹಾರದಿಂದ ವಿಶ್ವವಿದ್ಯಾಲಯದವರೆಗೆ ಓದು ಉಚಿತ.

ಇನ್ನೊಂದು ತಪ್ಪು ಕಲ್ಪನೆ ಇದೆ. ನಾವು ಶ್ರೀಲಂಕಾ ಬಡ ದೇಶ, ಭಾರತ ಶ್ರೀಮಂತ ಅಂದುಕೊಂಡಿರುತ್ತೇವೆ. ನಮ್ಮ ಆರ್ಥಿಕತೆ ದೊಡ್ಡದು, ನಿಜ, ಆದರೆ ಅದನ್ನು 140 ಕೋಟಿ ಜನಕ್ಕೆ ಹಂಚಬೇಕು. ದಿವಾಳಿಯಾದ ಮೇಲೂ ಅವರ ತಲಾ ಆದಾಯ ನಮ್ಮದಕ್ಕಿಂತ ಜಾಸ್ತಿಯೇ ಇದೆ.

ನನಗೆ ಇದೆಲ್ಲಕ್ಕಿಂತ ಮುಖ್ಯ ಅನ್ನಿಸುವುದು ಆಯಸ್ಸಿನ ಲೆಕ್ಕ. ಅಲ್ಲಿ 77 ವರ್ಷ ದಾಟಿದೆ, ಇಲ್ಲಿ 72. ಇದು ದೊಡ್ಡ ಆಸ್ಪತ್ರೆಗಳಿಂದ ಬಂದದ್ದಲ್ಲ. 1926ರಲ್ಲಿ ಶ್ರೀಲಂಕಾದ ಕಲುತರ ಪಟ್ಟಣದಲ್ಲಿ ಮೊದಲ ಆರೋಗ್ಯ ಘಟಕ ತೆರೆದು, ತರಬೇತಾದ ಸೂಲಗಿತ್ತಿಯರಿಗೆ ಇಂತಿಷ್ಟು ಮನೆ ಅಂತ ಹಂಚಿಕೊಟ್ಟರು. ಹೆಣ್ಣುಮಗಳು ಬಸುರಿ ಅಂತ ಗೊತ್ತಾದರೆ ಸೂಲಗಿತ್ತಿ ಮನೆಗೇ ಬಂದು ಹೆಸರು ಬರೆದುಕೊಳ್ಳುತ್ತಾಳೆ, ಬಾಣಂತನದಲ್ಲಿ ಮತ್ತೆ ಬಂದು ತಾಯಿ ಮಗು ಇಬ್ಬರನ್ನೂ ನೋಡುತ್ತಾಳೆ, ಮಗುವಿನ ತೂಕ ಏರಿದೆಯಾ ಇಲ್ಲವಾ, ಯಾವ ಚುಚ್ಚುಮದ್ದು ಬಾಕಿ ಇದೆ, ಎಲ್ಲ ಕಾರ್ಡಿನಲ್ಲಿ ಬರೆಯುತ್ತಾಳೆ. ನಮ್ಮ ಆಶಾ ಕಾರ್ಯಕರ್ತೆ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. ಆದರೆ ಆ ಯೋಜನೆ ಬಂದದ್ದು 2005ರಲ್ಲಿ, ಮತ್ತು ಅಲ್ಲಿಯವಳು ಸಂಬಳ, ಪಿಂಚಣಿ ಇರುವ ಸರ್ಕಾರಿ ನೌಕರಳು, ಇಲ್ಲಿಯವಳು ಗೌರವಧನಕ್ಕಾಗಿ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕು. ಮಲೇರಿಯಾ ವಿಷಯವೂ ಹಾಗೆಯೇ. 1934-35ರಲ್ಲಿ ಅಲ್ಲಿ ಸುಮಾರು 80,000 ಜನ ಅದರಿಂದ ಸತ್ತಿದ್ದರು. 2016ರಲ್ಲಿ ದೇಶ ಮಲೇರಿಯಾ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಪ್ರಮಾಣಪತ್ರ ಕೊಟ್ಟಿತು.

ಹಾಗಂತ ಶ್ರೀಲಂಕಾ ಸ್ವರ್ಗ ಅಂತಲ್ಲ. ಸರಾಸರಿ ಅನ್ನುವುದು ಯಾರ ಮನೆಯ ಕಥೆಯನ್ನೂ ಪೂರ್ತಿ ಹೇಳುವುದಿಲ್ಲ. ಬ್ರಿಟಿಷರ ಕಾಲದಲ್ಲಿ ಭಾರತದಿಂದ ಹೋಗಿ ನೆಲೆಸಿದ ಟೀ ತೋಟದ ತಮಿಳರಲ್ಲಿ ಹೆಚ್ಚಿನವರಿಗೆ 1948ರ ಕಾನೂನು ಪೌರತ್ವವನ್ನೇ ಕೊಡಲಿಲ್ಲ. ಓದು, ಆರೋಗ್ಯ, ಮನೆ ಎಲ್ಲದರಲ್ಲೂ ಅವರು ಉಳಿದವರಿಗಿಂತ ಹಿಂದೆ ಬಿದ್ದರು, ಇವತ್ತಿಗೂ ಎಷ್ಟೋ ಕುಟುಂಬ ಇಕ್ಕಟ್ಟಾದ ಲೈನ್ ಮನೆಗಳಲ್ಲೇ ಇದೆ. ಎರಡೂ ದೇಶದ ಪ್ರಧಾನಿಗಳು ಮಾಡಿಕೊಂಡ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇಲೆ ಲಕ್ಷಾಂತರ ಜನ ಭಾರತಕ್ಕೆ ಬಂದರು. ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ಕೆಲಸಕ್ಕೆ ಸೇರಿದ್ದು ಅವರಲ್ಲೇ ಕೆಲವರು. ಅವರ ಬದುಕನ್ನು ಯಾವ ದೇಶದ ಸರಾಸರಿಗೆ ಹಚ್ಚುತ್ತೀರಿ? ಇನ್ನು ನಮ್ಮಲ್ಲಿ ಯಾದಗಿರಿಯನ್ನೂ ಉಡುಪಿಯನ್ನೂ ಒಂದೇ ಅಂಕಿಯಲ್ಲಿ ಹೇಳಿದರೆ ಎರಡೂ ಜಿಲ್ಲೆಯವರು ನಗುತ್ತಾರೆ.

ಹಾಗಾದರೆ 2022ರ ಪೆಟ್ಟು ಸುಮ್ನೆ ಹೋಯಿತಾ? ಇಲ್ಲ. ಆ ವರ್ಷ ಹಣದುಬ್ಬರ ಶೇ. 70ರ ಹತ್ತಿರ ಹೋಗಿತ್ತು, ಬಡವರ ಸಂಖ್ಯೆ ಹೆಚ್ಚುಕಮ್ಮಿ ದುಪ್ಪಟ್ಟಾಯಿತು, 3 ಲಕ್ಷಕ್ಕೂ ಹೆಚ್ಚು ಜನ ಕೆಲಸ ಹುಡುಕಿಕೊಂಡು ಹೊರದೇಶಕ್ಕೆ ಹೋದರು. ಡಾಕ್ಟರುಗಳೂ ಹೊರಟರು. ಊಟ ಕಡಿಮೆ ಮಾಡಿದ ಮನೆಯ ಮಗು, ಡಾಕ್ಟರಿಲ್ಲದ ತಾಲ್ಲೂಕು ಆಸ್ಪತ್ರೆ, ಇವೆಲ್ಲ ಆಯಸ್ಸು ಮತ್ತು ಓದಿನ ಲೆಕ್ಕಕ್ಕೆ ಬರಲು ವರ್ಷಗಳು ಹಿಡಿಯುತ್ತವೆ. ಹಾಗಾಗಿ ಈಗಿನ 89ನೇ ಸ್ಥಾನವನ್ನು ಅವರ ಹಿಂದಿನ ಎಪ್ಪತ್ತೆಂಬತ್ತು ವರ್ಷದ ಲೆಕ್ಕ ಅಂತ ಓದಿ. ಬಿಕ್ಕಟ್ಟಿನ ಲೆಕ್ಕ ಮುಂದಿನ ದಶಕದ ವರದಿಗಳಲ್ಲಿ ಬರುತ್ತದೆ.