ಕಾರ್ಡ್ ಆಸ್ಪತ್ರೆಯ ಬಾಗಿಲವರೆಗೆ, ಆಮೇಲೆ ಅತ್ತಿಗೆ

ನಾಲ್ಕು ವರ್ಷದ ಹಿಂದೆ ನಮ್ಮ ದೊಡ್ಡಪ್ಪನ ಮಗ ಅಡಿಕೆ ಮರದಿಂದ ಬಿದ್ದ. ಕೊಳೆರೋಗಕ್ಕೆ ಮದ್ದು ಹೊಡೆಯಲು ಹತ್ತಿದ್ದ. ಮಳೆ ಬಿಟ್ಟಿತ್ತು, ಮರ ಇನ್ನೂ ಜಾರುತ್ತಿತ್ತು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಏನೂ ಗೊತ್ತಾಗದ ಹಾಗಾಯಿತು.

ಆಪರೇಷನ್ ಆಯಿತು. ಆರೋಗ್ಯ ಕಾರ್ಡ್ ಇತ್ತು, ಹೆಚ್ಚಿನ ಖರ್ಚು ಅದರಲ್ಲೇ ಹೋಯಿತು. ಇಪ್ಪತ್ತು ದಿನಕ್ಕೆ ಡಿಸ್ಚಾರ್ಜ್. ನಿಜವಾದ ಕೆಲಸ ಶುರುವಾಗಿದ್ದು ಮನೆಗೆ ಬಂದ ಮೇಲೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ಮೂತ್ರ ಹೋಗಲು ಹಾಕಿದ ನಳಿಗೆ, ಅಂದರೆ ಕ್ಯಾತಿಟರ್, ಕಟ್ಟಿಕೊಂಡಿದೆಯಾ ನೋಡಬೇಕು, ಮೂತ್ರದ ಬಣ್ಣ ನೋಡಬೇಕು, ಜ್ವರ ಬಂದರೆ ಸೋಂಕಾ ಅಂತ ಯೋಚಿಸಬೇಕು. ಅತ್ತಿಗೆಗೆ ಇದರಲ್ಲಿ ಸಿಕ್ಕ ತರಬೇತಿ ಅಂದರೆ ಡಿಸ್ಚಾರ್ಜ್ ದಿನ ನರ್ಸ್ ಒಬ್ಬರು ಹತ್ತು ನಿಮಿಷ ಹೇಳಿಕೊಟ್ಟಿದ್ದು, ಅಷ್ಟೇ. ಆರು ತಿಂಗಳಲ್ಲಿ ಬೆನ್ನಿನ ಹುಣ್ಣು ಎಲುಬಿನವರೆಗೆ ಹೋಯಿತು. ಮತ್ತೆ ಆಸ್ಪತ್ರೆ, ಮತ್ತೆ ಆಪರೇಷನ್. ಅದಕ್ಕೂ ಕಾರ್ಡ್ ನಡೆಯಿತು. ಹುಣ್ಣಾಗದಂತೆ ತಡೆಯುವ ಏರ್ ಬೆಡ್‌ಗೆ ನಡೆದಿರಲಿಲ್ಲ. ವಾರಕ್ಕೆ ಎರಡು ಸಲ ಮನೆಗೆ ಬಂದು ನೋಡಬಹುದಾಗಿದ್ದ ಒಬ್ಬ ನರ್ಸ್‌ಗೂ ನಡೆದಿರಲಿಲ್ಲ.

ಇದು ಯಾಕೆ ಹೀಗೆ ಅನ್ನುವುದು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಓದುತ್ತಾ ಹೋದ ಹಾಗೆ ಗೊತ್ತಾಯಿತು, ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಎಲ್ಲ ಕಡೆಯೂ ದುಡ್ಡು ಆಸ್ಪತ್ರೆಯ ಮಂಚಕ್ಕೆ ಅಂಟಿಕೊಂಡಿದೆ. ರೋಗಿ ಮಂಚ ಬಿಟ್ಟರೆ ದುಡ್ಡು ಅಲ್ಲೇ ಉಳಿಯುತ್ತದೆ.

ಮೊದಲು ಹೀಗಿರಲಿಲ್ಲ. 1859ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ವಿಲಿಯಂ ರಾಥ್‌ಬೋನ್ ಎಂಬ ವ್ಯಾಪಾರಿಯ ಹೆಂಡತಿ ಕಾಯಿಲೆಯಿಂದ ತೀರಿಕೊಂಡರು. ಕೊನೆಯವರೆಗೆ ಮನೆಯಲ್ಲೇ ಅವರನ್ನು ನೋಡಿಕೊಂಡಿದ್ದ ನರ್ಸ್ ಹೆಸರು ಮೇರಿ ರಾಬಿನ್ಸನ್. ದುಡ್ಡಿರುವ ತನ್ನ ಮನೆಗೇ ಆಕೆಯಿಂದ ಇಷ್ಟು ಆಸರೆಯಾಯಿತು ಅಂದರೆ ಬಡವರ ಮನೆಯ ಗತಿ ಏನು ಅಂತ ಯೋಚಿಸಿದ ರಾಥ್‌ಬೋನ್, ಆಕೆಗೆ ಮೂರು ತಿಂಗಳ ಸಂಬಳ ಕೊಟ್ಟು ಬಡವರ ಓಣಿಗಳಿಗೆ ಕಳಿಸಿದರು. ಒಂದೇ ತಿಂಗಳಿಗೆ ಆಕೆ ವಾಪಸ್ ಬಂದು, ಆ ಕಷ್ಟ ನೋಡಲಾಗುತ್ತಿಲ್ಲ, ಬಿಟ್ಟುಬಿಡುತ್ತೇನೆ ಅಂದರು. ರಾಥ್‌ಬೋನ್ ಒಪ್ಪಿಸಿ ಮತ್ತೆ ಕಳಿಸಿದರು. ಮೂರು ತಿಂಗಳು ಮುಗಿಯುವ ಹೊತ್ತಿಗೆ ಈ ಕೆಲಸ ಬಿಟ್ಟು ಬೇರೆ ಬೇಡ ಅನ್ನುವ ಹಾಗಾಗಿದ್ದರು. ಮನೆ ಮನೆಗೆ ಹೋಗುವ ನರ್ಸ್ ಅನ್ನುವ ಹುದ್ದೆ ಬೆಳೆದಿದ್ದು ಅಲ್ಲಿಂದ. ಫ್ಲಾರೆನ್ಸ್ ನೈಟಿಂಗೇಲ್ ಕೂಡ ಈ ಕೆಲಸಕ್ಕೆ ಬೆನ್ನಿಗೆ ನಿಂತರು.

ಆಮೇಲೆ ಎಕ್ಸ್‌ರೇ ಬಂತು, ದೊಡ್ಡ ಆಪರೇಷನ್‌ಗಳು ಬಂದವು, ಚಿಕಿತ್ಸೆ ಆಸ್ಪತ್ರೆಗೆ ಸೇರಿತು. ಅದು ಒಳ್ಳೆಯದಕ್ಕೇ. ತೊಂದರೆ ಆಗಿದ್ದು ದುಡ್ಡು ಕೊಡುವ ವಿಮೆ, ಸರ್ಕಾರದ ನಿಯಮ ಎಲ್ಲವೂ ಆಸ್ಪತ್ರೆಯನ್ನೇ ಲೆಕ್ಕಕ್ಕೆ ಇಟ್ಟುಕೊಂಡಾಗ. ಒಂದು ಮಗುವಿನ ಕಥೆ ಹೇಳಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಕೇಟಿ ಬೆಕೆಟ್ ಹುಟ್ಟಿದ್ದು 1978ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಸೀಡರ್ ರ‍್ಯಾಪಿಡ್ಸ್‌ನಲ್ಲಿ. ಐದು ತಿಂಗಳ ಕೂಸಿಗೆ ಮಿದುಳಿನ ಉರಿಯೂತ ಬಂತು. ಪ್ರಜ್ಞೆ ತಪ್ಪಿತು, ಮೈ ಸ್ವಾಧೀನ ಹೋಯಿತು, ಉಸಿರಾಡಲು ವೆಂಟಿಲೇಟರ್ ಬೇಕಾಯಿತು. ನಿಧಾನಕ್ಕೆ ಚೇತರಿಸಿಕೊಂಡರೂ ಮನೆಗೆ ಹೋಗುವ ಹಾಗಿರಲಿಲ್ಲ. ತಂದೆತಾಯಿಯ ಖಾಸಗಿ ವಿಮೆಯ 10 ಲಕ್ಷ ಡಾಲರ್ ಮಿತಿ ಮುಗಿದುಹೋಯಿತು. ಬಡವರಿಗಾಗಿ ಇರುವ ಮೆಡಿಕೇಯ್ಡ್ ಯೋಜನೆ ಆಸ್ಪತ್ರೆಯ ಬಿಲ್ ಕಟ್ಟತೊಡಗಿತು. ಆದರೆ ನಿಯಮ ಹೇಗಿತ್ತು ನೋಡಿ. ಮಗು ಆಸ್ಪತ್ರೆಯಲ್ಲೇ ಉಳಿದರೆ ತಂದೆತಾಯಿಯ ಆದಾಯ ಲೆಕ್ಕಕ್ಕೆ ಬರುವುದಿಲ್ಲ, ಯೋಜನೆ ಸಿಗುತ್ತದೆ. ಅದೇ ಮಗು ಮನೆಗೆ ಬಂದು ಅಪ್ಪ ಅಮ್ಮನ ಜೊತೆ ಮಲಗಿದ ತಕ್ಷಣ ಅವರ ಆದಾಯ ಮಗುವಿನದ್ದೂ ಆಗಿಬಿಡುತ್ತದೆ, ಯೋಜನೆ ಕೈಬಿಡುತ್ತದೆ. ಮನೆಗೆ ಕರೆದುಕೊಂಡು ಹೋಗಬಹುದು ಅಂತ ಡಾಕ್ಟರುಗಳೇ ಹೇಳಿದರೂ, ಮನೆಯ ನರ್ಸ್ ಖರ್ಚು ಕೊಡುವವರಿಲ್ಲದೆ ಮೂರು ವರ್ಷದ ಮಗು ಆಸ್ಪತ್ರೆಯಲ್ಲೇ ಬೆಳೆಯಿತು.

1981ರ ನವೆಂಬರ್ 10ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಪತ್ರಿಕಾಗೋಷ್ಠಿಯಲ್ಲಿ ಈ ವಿಷಯ ಎತ್ತಿದರು. ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಲು ತಿಂಗಳಿಗೆ 6,000 ಡಾಲರ್ ಕೊಡುವ ಸರ್ಕಾರ, ಮನೆಯಲ್ಲಿ ನೋಡಿಕೊಳ್ಳಲು ಅದರ ಆರನೇ ಒಂದು ಭಾಗ ಕೊಡುವುದಿಲ್ಲ, ಇದರಲ್ಲಿ ಏನು ಅರ್ಥ ಇದೆ ಅಂತ ಕೇಳಿದರು. ಕೆಲವೇ ದಿನಗಳಲ್ಲಿ ನಿಯಮ ಸಡಿಲವಾಯಿತು. ಕ್ರಿಸ್‌ಮಸ್‌ಗೆ ಮೊದಲು ಕೇಟಿ ಮನೆಗೆ ಬಂದಳು. ಮರುವರ್ಷ ಕಾನೂನೇ ತಿದ್ದುಪಡಿಯಾಯಿತು. ಇಂಥ ಮಕ್ಕಳಿಗೆ ತಂದೆತಾಯಿಯ ಆದಾಯ ನೋಡದೆ ಮನೆಯಲ್ಲೇ ಆರೈಕೆ ಕೊಡಲು ರಾಜ್ಯಗಳಿಗೆ ಅವಕಾಶ ಸಿಕ್ಕಿತು. ಅಲ್ಲಿನವರು ಇವತ್ತಿಗೂ ಅದನ್ನು ಕೇಟಿ ಹೆಸರಲ್ಲೇ ಕರೆಯುತ್ತಾರೆ. ಕೇಟಿ ಕಾಲೇಜು ಓದಿದರು, ತನ್ನಂಥವರ ಪರವಾಗಿ ಊರೂರಿಗೆ ಹೋಗಿ ಮಾತಾಡಿದರು, 2012ರಲ್ಲಿ, 34ನೇ ವಯಸ್ಸಿನಲ್ಲಿ ತೀರಿಕೊಂಡರು. ಆಸ್ಪತ್ರೆಯ ಕೋಣೆಯಲ್ಲೇ ಕಳೆಯಬಹುದಾಗಿದ್ದ ವರ್ಷಗಳು ಅವು.

ದೊಡ್ಡವರ ವಿಷಯದಲ್ಲಿ ತೀರ್ಪು ಬರಲು ಇನ್ನೂ ಹದಿನೆಂಟು ವರ್ಷ ಬೇಕಾಯಿತು. ಜಾರ್ಜಿಯಾ ರಾಜ್ಯದಲ್ಲಿ ಲೋಯಿಸ್ ಕರ್ಟಿಸ್, ಇಲೇನ್ ವಿಲ್ಸನ್ ಎಂಬ ಇಬ್ಬರು ಹೆಂಗಸರು ಸರ್ಕಾರಿ ಆಸ್ಪತ್ರೆಯಲ್ಲಿ ಇದ್ದರು. ಹೊರಗೆ ಬದುಕಬಲ್ಲರು ಅಂತ ಡಾಕ್ಟರುಗಳು ಹೇಳಿದ ಮೇಲೂ ಬಿಡುಗಡೆ ಇರಲಿಲ್ಲ, ಯಾಕೆಂದರೆ ಹೊರಗೆ ನೋಡಿಕೊಳ್ಳುವ ಏರ್ಪಾಡು ಇರಲಿಲ್ಲ. ಕಾರಣವಿಲ್ಲದೆ ಹೀಗೆ ಒಳಗಿಡುವುದು ತಾರತಮ್ಯ ಅಂತ 1999ರ ಜೂನ್ 22ರಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಅಷ್ಟಾದರೂ ಅಲ್ಲಿ ಎಲ್ಲ ಸರಿಯಾಗಿಲ್ಲ. ಸೇವೆಗಾಗಿ ವರ್ಷಗಟ್ಟಲೆ ಸಾಲಿನಲ್ಲಿ ಕಾಯುವವರು ಲಕ್ಷಗಟ್ಟಲೆ ಇದ್ದಾರೆ. ಇಷ್ಟು ಗಂಟೆ ನರ್ಸ್ ಅಂತ ಕಾಗದದಲ್ಲಿ ಮಂಜೂರಾಗಿರುತ್ತದೆ, ಆ ಸಂಬಳಕ್ಕೆ ಬರುವ ನರ್ಸ್ ಸಿಗುವುದಿಲ್ಲ.

ಅದೇ 1999ರಲ್ಲಿ ನಮ್ಮ ಪಕ್ಕದಲ್ಲೇ, ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ, ಬೇರೆಯದೇ ದಾರಿ ತೆರೆದುಕೊಂಡಿತು. ಇದರ ಬೇರು ಕೋಯಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿದೆ. ಅಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು 1993ರಲ್ಲಿ ನೋವು ಕಡಿಮೆ ಮಾಡುವ ಕ್ಲಿನಿಕ್ ಶುರು ಮಾಡಿದ್ದರು. ಬಂದವರಿಗೆ ಆರಾಮ ಸಿಗುತ್ತಿತ್ತು, ಆದರೆ ಹಾಸಿಗೆ ಬಿಟ್ಟು ಏಳಲಾಗದವರು ಬರುವುದಾದರೂ ಹೇಗೆ? ಹಾಗಾಗಿ ಮಲಪ್ಪುರಂನಲ್ಲಿ ಊರಿನವರಿಗೇ ತರಬೇತಿ ಕೊಟ್ಟರು. ಅಂಗಡಿಯವರು, ಮೇಷ್ಟ್ರುಗಳು, ಮನೆಯಲ್ಲಿರುವ ಹೆಂಗಸರು, ಕಾಲೇಜು ಹುಡುಗರು. ತಮ್ಮ ಓಣಿಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಅಂತ ಪತ್ತೆ ಮಾಡುವುದು ಅವರ ಕೆಲಸ. ಜೀಪಿನಲ್ಲಿ ನರ್ಸ್ ಬಂದು ಕ್ಯಾತಿಟರ್ ಬದಲಿಸುತ್ತಾರೆ, ಹುಣ್ಣಿಗೆ ಡ್ರೆಸ್ಸಿಂಗ್ ಮಾಡುತ್ತಾರೆ, ಮನೆಯವರಿಗೆ ಕಲಿಸುತ್ತಾರೆ. ದುಡ್ಡಿನ ಬಹುಪಾಲು ಊರಿನವರ ಚಿಲ್ಲರೆ ಕಾಣಿಕೆಯಿಂದ.

ಕ್ಯಾನ್ಸರ್‌ಗೆ ಅಂತ ಶುರುವಾದದ್ದು ಅಲ್ಲಿಗೆ ನಿಲ್ಲಲಿಲ್ಲ ಅನ್ನುವುದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಪಾರ್ಶ್ವವಾಯು ಆದವರು, ಬೆನ್ನುಹುರಿ ಮುರಿದವರು, ಮಾನಸಿಕ ಕಾಯಿಲೆ ಇರುವವರು, ಎಲ್ಲರೂ ಸೇರಿದರು. ಇವರ ಲೆಕ್ಕ ಬೇರೆ. ಕೊನೆಯ ಕೆಲವು ತಿಂಗಳ ಆರೈಕೆ ಅಲ್ಲ ಇದು, ಮೂವತ್ತು ನಲವತ್ತು ವರ್ಷದ್ದೂ ಇರಬಹುದು. 2008ರಲ್ಲಿ ಕೇರಳ ಸರ್ಕಾರ ಇದನ್ನು ನೀತಿಯಾಗಿ ಒಪ್ಪಿಕೊಂಡು ಪಂಚಾಯಿತಿಗಳ ಹೊಣೆ ಮಾಡಿತು, ಮನೆಗೆ ಹೋಗುವ ನರ್ಸ್ ಪಂಚಾಯಿತಿಯ ವ್ಯವಸ್ಥೆಯೊಳಗೇ ಬಂದರು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಯೋಜನೆಯಲ್ಲಿ ತಿಂಗಳಿಗೆ 600 ರೂಪಾಯಿಯೂ ಇದೆ. 600 ರೂಪಾಯಿಗೆ ಏನು ಬರುತ್ತದೆ ಅಂತ ಕೇಳಬಹುದು, ಡೈಪರ್‌ಗೂ ಸಾಲದು. ಆದರೂ ಮನೆಯಲ್ಲಿ ಮಾಡುವುದು ಕೆಲಸ ಅಂತ ಸರ್ಕಾರ ಒಪ್ಪಿಕೊಂಡ ಹಾಗಾಯಿತಲ್ವಾ.

ಕರ್ನಾಟಕದಲ್ಲಿ ಏನೂ ಆಗಿಲ್ಲ ಅಂದರೆ ತಪ್ಪಾಗುತ್ತದೆ. ಬೆಂಗಳೂರಿನ ಕರುಣಾಶ್ರಯ 1995ರಿಂದಲೇ ಕ್ಯಾನ್ಸರ್ ರೋಗಿಗಳ ಮನೆಗೆ ಹೋಗಿ ಉಚಿತವಾಗಿ ಆರೈಕೆ ಮಾಡುತ್ತಿದೆ. ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ದಕ್ಷಿಣ ಕನ್ನಡದ ಊರುಗಳಲ್ಲಿ, ಹೋರಾಟದ ನಂತರ ಅದರ ಪೀಡಿತರಿಗೆ ಪಿಂಚಣಿ ಬಂತು, ಕೊಕ್ಕಡದಂಥ ಕಡೆ ಡೇ ಕೇರ್ ಕೇಂದ್ರ ಬಂತು. ಆದರೆ ಕುತ್ತಿಗೆಯೇ ನಿಲ್ಲದ ಮಗನನ್ನು ದಿನಾ ಡೇ ಕೇರ್‌ಗೆ ಎತ್ತಿಕೊಂಡು ಹೋಗುವುದು ಅರವತ್ತು ದಾಟಿದ ತಾಯಿಗೆ ಆಗುವ ಮಾತಾ?

ಕಾನೂನಿನಲ್ಲಿ ನೋಡಿದರೆ ಎಲ್ಲ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 5ನೇ ಕಲಂ ಪ್ರಕಾರ ಮನೆಯಲ್ಲೇ ಸಿಗುವ ನೆರವಿನ ಸೇವೆಗಳು ಅಂಗವಿಕಲರಿಗೆ ದೊರೆಯಬೇಕು. 24ನೇ ಕಲಂ ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತಾಡುತ್ತದೆ. ಅದರ ಮೊದಲ ಸಾಲಿನಲ್ಲೇ, ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಅನ್ನುವ ಮಾತೂ ಇದೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಕೊಡುತ್ತದೆ, ಆದರೆ ಅದು ಒಳರೋಗಿಯಾಗಿ ದಾಖಲಾದವರಿಗೆ. ಡಿಸ್ಚಾರ್ಜ್ ಆದ ಮೇಲೆ 15 ದಿನದ ಖರ್ಚು ಸೇರುತ್ತದೆ. ಬೆನ್ನುಹುರಿ ಮುರಿದವನ ಬದುಕು ಶುರುವಾಗುವುದೇ ಹದಿನಾರನೇ ದಿನ.

ಉಳಿದಿರುವುದು ಹೋಂ ನರ್ಸ್. ಈ ಹೆಸರಲ್ಲಿ ಬರುವವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರಲ್ಲ, ಕೆಲಸ ಮಾಡುತ್ತಾ ಕಲಿತ ಬಡ ಮನೆಯ ಹೆಣ್ಣುಮಕ್ಕಳು. ರಾತ್ರಿ ಹಗಲು ಅದೇ ಕೋಣೆಯಲ್ಲಿ ಇರಬೇಕು, ಸಂಬಳದಲ್ಲಿ ಏಜೆನ್ಸಿ ಪಾಲು ಹೋಗುತ್ತದೆ. ನಾವೂ ಕೇಳಿ ನೋಡಿದೆವು. ತಿಂಗಳಿಗೆ ಇಪ್ಪತ್ತು ಸಾವಿರದ ಮೇಲೆ ಅಂದರು. ಅಷ್ಟು ದುಡ್ಡು ನಮ್ಮಲ್ಲಿ ಇರಲಿಲ್ಲ. ಬರುವವಳಿಗೆ ಅದು ಜಾಸ್ತಿ ಅಂತಲೂ ನನಗೆ ಅನಿಸಲಿಲ್ಲ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಜನ ಇದೇ ಕೆಲಸಕ್ಕೆ ಇಸ್ರೇಲಿಗೆ ಹೋಗಿದ್ದಾರೆ. ಅಲ್ಲಿ 1988ರಿಂದ ಜಾರಿಯಲ್ಲಿರುವ ವಿಮೆ ಕಾನೂನು ವಯಸ್ಸಾದವರನ್ನು ಮನೆಯಲ್ಲೇ ನೋಡಿಕೊಳ್ಳಲು ದುಡ್ಡು ಕೊಡುತ್ತದೆ. ಅಲ್ಲಿನ ಅಜ್ಜಿಯ ಮಗ್ಗುಲು ಬದಲಿಸುವ ಕೈ ನಮ್ಮೂರಿನದ್ದು, ನಮ್ಮೂರಿನ ಅಜ್ಜಿಗೆ ಅದೇ ಕೈ ಸಿಗುವುದಿಲ್ಲ.

ಅಣ್ಣ ಈಗ ಗಾಲಿಕುರ್ಚಿಯಲ್ಲಿ ಜಗಲಿಗೆ ಬಂದು ಅಡಿಕೆ ಸುಲಿಯುತ್ತಾನೆ. ಏರ್ ಬೆಡ್ ನೆಂಟರೆಲ್ಲ ಸೇರಿ ಕೊಡಿಸಿದ್ದು. ಪೇಟೆಯಲ್ಲಿ ಕೆಲಸ ಮಾಡಿ ರಿಟೈರ್ ಆದ ನರ್ಸಮ್ಮ ಒಬ್ಬರು ಪಕ್ಕದ ಊರಲ್ಲಿದ್ದಾರೆ, ಕ್ಯಾತಿಟರ್ ಬದಲಿಸಲು ಅವರು ಬರುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಅವರು ಇಲ್ಲದಿದ್ದರೆ ಮೂವತ್ತು ಕಿಲೋಮೀಟರ್ ಜೀಪು. ಕಳೆದ ತಿಂಗಳು ಅತ್ತಿಗೆ ಎರಡು ದಿನ ತವರಿಗೆ ಹೋಗಿ ಬಂದರು, ನಾಲ್ಕು ವರ್ಷದಲ್ಲಿ ಮೊದಲ ಸಲ. ಆ ಎರಡು ರಾತ್ರಿ ನಾನು ಅಲ್ಲಿ ಮಲಗಿದ್ದೆ. ಎರಡು ಗಂಟೆಗೊಮ್ಮೆ ಅಲಾರಂ ಇಟ್ಟುಕೊಂಡಿದ್ದೆ. ಎರಡನೇ ರಾತ್ರಿ ನಾಲ್ಕು ಗಂಟೆಯದ್ದು ನನಗೆ ಕೇಳಿಸಲೇ ಇಲ್ಲ, ಅಣ್ಣನೇ ಕೂಗಿ ಎಬ್ಬಿಸಿದ.