ವಾಡಾ ಟೆಸ್ಟ್‌ನ ಇಂಜೆಕ್ಷನ್‌ಗೆ ಹೆದರಬೇಕಾ?

ಪ್ರಶ್ನೆ: ತಮ್ಮನಿಗೆ ಮೂರ್ಛೆರೋಗದ ಆಪರೇಷನ್ ಮಾಡಬೇಕಂತೆ. ಅದಕ್ಕೂ ಮೊದಲು ಅರ್ಧ ಮೆದುಳಿಗೆ ಅರಿವಳಿಕೆ ಕೊಟ್ಟು ಟೆಸ್ಟ್ ಮಾಡುತ್ತಾರಂತೆ. ಅದರಿಂದ ಮಾತು, ನೆನಪು ಹೋಗಿಬಿಟ್ಟರೆ?

ಉತ್ತರ: ಮಾತು ಹೋಗಬಹುದು, ಆದರೆ ಕೆಲವೇ ನಿಮಿಷ. ಮೆದುಳಿನ ಯಾವ ಅರ್ಧಕ್ಕೆ ಮಂಪರು ಹಿಡಿದರೆ ಮಾತು ನಿಲ್ಲುತ್ತದೆ, ನೆನಪು ತಪ್ಪುತ್ತದೆ ಅಂತ ನೋಡುವುದಕ್ಕೇ ಈ ಟೆಸ್ಟ್ ಇರುವುದು. ಡಾಕ್ಟರ್ ಜೂನ್ ವಾಡಾ 1949ರಲ್ಲಿ ಇದನ್ನು ಪ್ರಕಟಿಸಿದರು.

ಸೂಜಿ ತಲೆಗೆ ಚುಚ್ಚುತ್ತಾರೆ ಅಂದುಕೊಂಡವರು ಬಹಳ. ಹಾಗಲ್ಲ. ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಗೆಯನ್ನು ಎಕ್ಸ್‌ರೇಯಲ್ಲಿ ನೋಡುತ್ತಾ ಕತ್ತಿನವರೆಗೆ ಒಯ್ಯುತ್ತಾರೆ. ಮೊದಲು ಡೈ ಬಿಟ್ಟು ರಕ್ತ ಎತ್ತ ಹರಿಯುತ್ತದೆ ಅಂತ ನೋಡಿಕೊಳ್ಳುತ್ತಾರೆ. ಮದ್ದು ಬೇಕಿಲ್ಲದ ಕಡೆ ಹೋಗಬಾರದಲ್ವಾ! ನಿಮ್ಮ ತಮ್ಮ ಎಚ್ಚರವಾಗಿಯೇ ಇರುತ್ತಾನೆ. ಎರಡೂ ಕೈ ಮೇಲೆತ್ತಿ ಒಂದು, ಎರಡು ಎಣಿಸುತ್ತಿರಬೇಕು. ಎಡಗಡೆಗೆ ಮದ್ದು ಬಿಟ್ಟರೆ ಕೆಲವೇ ಸೆಕೆಂಡಿನಲ್ಲಿ ಬಲಗೈ ಕೆಳಗೆ ಬೀಳುತ್ತದೆ. ಮಾತು ಅದೇ ಕಡೆಯಿದ್ದರೆ ಎಣಿಕೆಯೂ ನಿಲ್ಲುತ್ತದೆ. ಆಗ ಚಮಚ, ಬೀಗದ ಕೈ ಅಂಥವನ್ನು ತೋರಿಸುತ್ತಾರೆ. ಮದ್ದು ಇಳಿದ ಮೇಲೆ ‘ಏನೇನು ನೋಡಿದೆ?’ ಅಂತ ಕೇಳುತ್ತಾರೆ. ಕೆಲವರು ಆ ಹೊತ್ತಿನಲ್ಲಿ ಸುಮ್ನೆ ಅಳುತ್ತಾರೆ, ನಗುತ್ತಾರೆ. ಗಾಬರಿ ಬೇಡ.

ನನ್ನ ಪ್ರಕಾರ ಮದ್ದಿಗಿಂತ ನಳಿಗೆಯ ಬಗ್ಗೆ ಜಾಸ್ತಿ ಯೋಚಿಸಬೇಕು. ರಕ್ತ ಹೆಪ್ಪುಗಟ್ಟಿ ಅಥವಾ ನಾಳದ ಒಳಪದರ ಹರಿದು ಪಾರ್ಶ್ವವಾಯು ಆಗುವ ಸಾಧ್ಯತೆ ಇದೆ. ಅದು ಅಪರೂಪ, ನೂರಕ್ಕೆ ಒಬ್ಬರಿಗಿಂತ ಕಡಿಮೆ. ಆದರೆ ಸೊನ್ನೆಯಲ್ಲ. ನಾಳ ಗಟ್ಟಿಯಾದ ವಯಸ್ಸಾದವರಿಗೆ ಭಯ ಹೆಚ್ಚು. ಚುಚ್ಚಿದ ಕಡೆ ಊತ, ಡೈಗೆ ಅಲರ್ಜಿ, ನಡುವೆ ಫಿಟ್ಸ್, ಕೆಲಕಾಲ ಮಂಪರು ಕೂಡ ಬರಬಹುದು. ಮದ್ದು ಸಾಮಾನ್ಯವಾಗಿ ಅಮೋಬಾರ್ಬಿಟಾಲ್. ಅದು ಸಿಗದಿದ್ದಾಗ ಮೆಥೊಹೆಕ್ಸಿಟಾಲ್, ಎಟೊಮಿಡೇಟ್, ಪ್ರೊಪೊಫಾಲ್ ಬಳಸುತ್ತಾರೆ. ಪ್ರೊಪೊಫಾಲ್‌ನಿಂದ ಕೆಲವರ ಕೈಕಾಲು ಸೆಟೆದದ್ದೂ ಇದೆ, ಯಾವ ಮದ್ದು ಅಂತ ಕೇಳಿಕೊಳ್ಳಿ. ಅಲರ್ಜಿ, ಕಿಡ್ನಿ ತೊಂದರೆ, ಪೋರ್ಫಿರಿಯಾ (ರಕ್ತದ ಕೆಂಪು ವಸ್ತು ತಯಾರಾಗುವುದರಲ್ಲಿನ ಒಂದು ಅಪರೂಪದ ದೋಷ), ರಕ್ತ ತೆಳುವಾಗಿಸುವ ಮಾತ್ರೆ, ಯಾವುದಿದ್ದರೂ ಮೊದಲೇ ಹೇಳಿಬಿಡಿ.

ಇನ್ನೊಂದು ಮಾತನ್ನೂ ಡಾಕ್ಟರ್ ಹತ್ತಿರ ನೇರವಾಗಿ ಕೇಳಿ: ‘ಫಂಕ್ಷನಲ್ ಎಂಆರ್‌ಐ ಸಾಕಾಗಲ್ವಾ? ಇದರ ಫಲಿತಾಂಶದಿಂದ ಆಪರೇಷನ್ನಿನಲ್ಲಿ ಏನು ಬದಲಾಗುತ್ತದೆ?’ ಅದು ಮೆದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಅಂತ ತೋರಿಸುವ ಸ್ಕ್ಯಾನ್. ಮಾತಿನ ಜಾಗ ಹುಡುಕಲು ಈಗ ಬಹಳ ಕಡೆ ಆ ಸ್ಕ್ಯಾನೇ ಸಾಕಾಗುತ್ತದೆ. ಮುಖ್ಯವಾಗಿ ನೆನಪಿನ ವಿಷಯದಲ್ಲಿ ಅನುಮಾನ ಉಳಿದಾಗ ವಾಡಾ ಇನ್ನೂ ಬೇಕಾಗಬಹುದು.

ಟೆಸ್ಟ್ ಆದ ಮೇಲೆ ಕೆಲವು ಗಂಟೆ ಕಾಲು ಮಡಚದೆ ಮಲಗಿರಬೇಕು. ಮಾತು ತೊದಲಿದರೆ, ಕೈಕಾಲು ಜೋಮು ಹಿಡಿದರೆ, ತೊಡೆಸಂದಿನಲ್ಲಿ ರಕ್ತ ಜಿನುಗಿದರೆ ತಕ್ಷಣ ನರ್ಸ್‌ನ ಕರೆಯಿರಿ.