16 ಸೆಕೆಂಡಿನ ಹಿಂದಿದ್ದ 50 ವರ್ಷ

ಅಮೆರಿಕದ ಕಾಲೇಜು ಸಾಕರ್‌ನಲ್ಲಿ, ಅಂದರೆ ನಾವು ಫುಟ್‌ಬಾಲ್ ಎನ್ನುವ ಆಟದಲ್ಲಿ, ಗಡಿಯಾರ ಹಿಂದಕ್ಕೆ ಓಡುತ್ತದೆ. ವಿಶ್ವಕಪ್ಪಿನಲ್ಲಿ ನಾವು ನೋಡುವಂತೆ ಸೊನ್ನೆಯಿಂದ ಮೇಲೇರುವುದಿಲ್ಲ. 45 ನಿಮಿಷದಿಂದ ಇಳಿಯುತ್ತಾ ಬಂದು ಸೊನ್ನೆ ಮುಟ್ಟಿದರೆ ಅರ್ಧ ಮುಗಿಯಿತು. ಆಮೇಲೆ ಇಂಜುರಿ ಟೈಮ್ ಎಂಬ ಉಡುಗೊರೆ ಇಲ್ಲ. ಹಾಗಾಗಿ 2022ರ ಡಿಸೆಂಬರ್ 5ರಂದು, ನಾರ್ತ್ ಕ್ಯಾರೊಲಿನಾ ರಾಜ್ಯದ ಕ್ಯಾರಿ ಪಟ್ಟಣದ ಮೈದಾನದಲ್ಲಿ ಕೂತಿದ್ದ ಪ್ರತಿಯೊಬ್ಬರಿಗೂ ಎಷ್ಟು ಹೊತ್ತು ಉಳಿದಿದೆ ಎಂಬುದು ಕರಾರುವಾಕ್ಕಾಗಿ ಕಾಣುತ್ತಿತ್ತು. ಅದು ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಎಂಬ ಸಂಸ್ಥೆಯ ಮೊದಲ ಡಿವಿಷನ್, ಅಂದರೆ ಅತ್ಯುನ್ನತ ದರ್ಜೆಯ, ಮಹಿಳಾ ಸಾಕರ್ ಫೈನಲ್. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ 2-0 ಮುಂದಿತ್ತು. ಹತ್ತು ನಿಮಿಷವಿರುವಾಗ ಎದುರಾಳಿ ಯುಸಿಎಲ್‌ಎ, ಅಂದರೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಒಂದು ಗೋಲು ತೀರಿಸಿತು. ಗಡಿಯಾರದಲ್ಲಿ ಬರೀ 16 ಸೆಕೆಂಡು ಇದ್ದಾಗ ಕಾರ್ನರ್‌ನಿಂದ ಬಂದ ಚೆಂಡಿಗೆ ರೈಲಿನ್ ಟರ್ನರ್ ತಲೆ ಕೊಟ್ಟರು. 2-2. ಹೆಚ್ಚುವರಿ ಅವಧಿಯ 107ನೇ ನಿಮಿಷದಲ್ಲಿ ಮಾರಿಕಾರ್ಮೆನ್ ರೆಯೆಸ್ ಹೊಡೆದ ಗೋಲಿನಿಂದ ಕಪ್ಪು ಯುಸಿಎಲ್‌ಎ ಪಾಲಾಯಿತು.

ಆ ಫೈನಲ್ ನಡೆದ ವರ್ಷಕ್ಕೆ ಒಂದು ಕಾನೂನಿಗೆ ಸರಿಯಾಗಿ 50 ತುಂಬಿತ್ತು. ಆ ಕಾನೂನು ಇಲ್ಲದಿದ್ದರೆ ಟರ್ನರ್ ತಲೆ ಕೊಡಲು ಚೆಂಡೂ ಇರುತ್ತಿರಲಿಲ್ಲ, ತಂಡವೂ ಇರುತ್ತಿರಲಿಲ್ಲ.

1972ರ ಜೂನ್ 23ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಶಿಕ್ಷಣ ತಿದ್ದುಪಡಿಗಳಲ್ಲಿ ಒಂಬತ್ತನೆಯದು 'ಟೈಟಲ್ ನೈನ್'. ಇಂಗ್ಲಿಷಿನಲ್ಲಿ ಅದರ ಮುಖ್ಯ ವಾಕ್ಯ ಬರೀ 37 ಪದಗಳದ್ದು. ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಕಾರ್ಯಕ್ರಮದಲ್ಲೂ ಲಿಂಗದ ಕಾರಣಕ್ಕೆ ಯಾರನ್ನೂ ಹೊರಗಿಡಬಾರದು ಎಂಬುದು ಅದರ ತಿರುಳು. ಕ್ರೀಡೆ ಎಂಬ ಮಾತೇ ಅದರಲ್ಲಿಲ್ಲ. ಪ್ಯಾಟ್ಸಿ ಮಿಂಕ್, ಈಡಿತ್ ಗ್ರೀನ್, ಬರ್ಚ್ ಬೇ ಅವರಂಥ ಸಂಸದರ ಕಣ್ಣಿದ್ದದ್ದು ಹೆಣ್ಣುಮಕ್ಕಳಿಗೆ ಮುಚ್ಚಿದ್ದ ವೈದ್ಯಕೀಯ, ಕಾನೂನು ಕಾಲೇಜುಗಳ ಸೀಟುಗಳ ಮೇಲೆ. ಆದರೆ ಅಲ್ಲಿ ಕಾಲೇಜಿನ ಆಟವೂ ಶಿಕ್ಷಣದ ಭಾಗವೇ, ಆದ್ದರಿಂದ ಆ ವಾಕ್ಯ ಮೈದಾನಕ್ಕೂ ಅನ್ವಯಿಸಿತು. ಇದು ಅರ್ಥವಾದ ಕೂಡಲೇ ಎನ್‌ಸಿಎಎ ವಿರೋಧಕ್ಕೆ ನಿಂತಿತು. ಹಣ ತರುವ ಕ್ರೀಡೆಗಳನ್ನು, ಅಂದರೆ ಅಮೆರಿಕನ್ ಫುಟ್‌ಬಾಲನ್ನು, ಕಾನೂನಿನಿಂದ ಹೊರಗಿಡುವ ತಿದ್ದುಪಡಿಯೊಂದು 1974ರಲ್ಲಿ ಬಂತು. ಅದು ಕೊನೆಗೆ ಬಿದ್ದುಹೋಯಿತು.

ಈ ಸೋಲಿನಲ್ಲೇ ಮಹಿಳಾ ಸಾಕರ್‌ನ ಭವಿಷ್ಯ ಅಡಗಿತ್ತು. ಹೇಗೆಂದರೆ, ದೊಡ್ಡ ವಿಶ್ವವಿದ್ಯಾಲಯವೊಂದರ ಅಮೆರಿಕನ್ ಫುಟ್‌ಬಾಲ್ ತಂಡ 85 ಹುಡುಗರಿಗೆ ವಿದ್ಯಾರ್ಥಿವೇತನ ಕೊಡಬಹುದಿತ್ತು. ಹೆಣ್ಣುಮಕ್ಕಳಲ್ಲಿ ಅದಕ್ಕೆ ಸರಿಸಾಟಿಯಾದ ಆಟವೇ ಇಲ್ಲ. ಇತ್ತ 1979ರಲ್ಲಿ ಸರ್ಕಾರ ಹೊರಡಿಸಿದ ವಿವರಣೆಯ ಪ್ರಕಾರ, ಕಾಲೇಜೊಂದು ಕಾನೂನು ಪಾಲಿಸುತ್ತಿದೆ ಎಂದು ತೋರಿಸಲು ಇದ್ದ ಮೂರು ದಾರಿಗಳಲ್ಲಿ ಒಂದು, ವಿದ್ಯಾರ್ಥಿಗಳಲ್ಲಿ ಹುಡುಗಿಯರು ಎಷ್ಟು ಪಾಲೋ ಆಟಗಾರರಲ್ಲೂ ಸುಮಾರು ಅಷ್ಟೇ ಪಾಲು ಇರಬೇಕು ಎಂಬುದು. ಕ್ರೀಡಾ ನಿರ್ದೇಶಕರು ಲೆಕ್ಕದ ಪುಸ್ತಕ ತೆಗೆದರು. ಒಂದೇ ತಂಡದಲ್ಲಿ ಇಪ್ಪತ್ತೈದು ಮೂವತ್ತು ಹುಡುಗಿಯರನ್ನು ತೋರಿಸಬಲ್ಲ, ಇರುವ ಹುಲ್ಲಿನ ಮೈದಾನದಲ್ಲೇ ಆಡಿಸಬಲ್ಲ, ಹೆಚ್ಚು ಸಲಕರಣೆ ಬೇಡದ ಆಟ ಯಾವುದು? ಸಾಕರ್. ಮುಂದೆ ಮೊದಲ ಡಿವಿಷನ್ನಿನ ಮಹಿಳಾ ಸಾಕರ್ ತಂಡಕ್ಕೆ 14 ಪೂರ್ಣ ವಿದ್ಯಾರ್ಥಿವೇತನ, ಪುರುಷರ ತಂಡಕ್ಕೆ 9.9 ಎಂಬ ಮಿತಿ ನಿಂತದ್ದೂ ಈ ಲೆಕ್ಕದಿಂದಲೇ. 80ರ ದಶಕದ ಆರಂಭದಲ್ಲಿ ನೂರನ್ನೂ ಮುಟ್ಟದಿದ್ದ ಎನ್‌ಸಿಎಎ ಮಹಿಳಾ ತಂಡಗಳು ಈಗ ಮೂರೂ ಡಿವಿಷನ್ ಸೇರಿ ಸಾವಿರ ದಾಟಿವೆ.

ಆ ಹುಡುಗಿಯರು 1972ರಲ್ಲಿ ಒಮ್ಮೆಲೇ ಆಕಾಶದಿಂದ ಇಳಿದವರಲ್ಲ. ಓಡುವ ಕಾಲು, ಗೆಲ್ಲುವ ಹಟ ಮೊದಲೂ ಇತ್ತು, ಇಲ್ಲದ್ದು ಮೈದಾನ. ನಾನು ಓದಿದ ಹೈಸ್ಕೂಲಿನಲ್ಲಿ ಹುಡುಗರಿಗೆ ದೊಡ್ಡ ಮೈದಾನ, ಫುಟ್‌ಬಾಲು. ನಮಗೆ ಕಟ್ಟಡದ ಹಿಂದಿನ ಜಾಗ, ಥ್ರೋಬಾಲು. ಮೇಷ್ಟರಿಗೆ ನಮ್ಮ ಮೇಲೆ ದ್ವೇಷವೇನೂ ಇರಲಿಲ್ಲ. ಹಾಗೆ ಹಂಚಬಾರದು ಎಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ, ಅಷ್ಟೆ. ಟೈಟಲ್ ನೈನ್ ಬಗ್ಗೆ ಓದುವಾಗಲೆಲ್ಲ ನನಗೆ ಆ ಹಿಂಬದಿಯ ಜಾಗವೇ ಕಣ್ಣಿಗೆ ಬರುತ್ತದೆ.

ಕಾಲೇಜು ಮಹಿಳಾ ಸಾಕರ್‌ನ ಚಾಂಪಿಯನ್‌ಷಿಪ್ಪನ್ನು ಮೊದಲು ನಡೆಸಿದ್ದು ಎನ್‌ಸಿಎಎ ಅಲ್ಲ. 1971ರಲ್ಲಿ ಹುಟ್ಟಿದ ಎಐಎಡಬ್ಲ್ಯು ಎಂಬ ಸಂಸ್ಥೆ ಕಾಲೇಜು ಹುಡುಗಿಯರ ಆಟವನ್ನು ನೋಡಿಕೊಳ್ಳುತ್ತಿತ್ತು. ಅದನ್ನು ಕಟ್ಟಿದವರೂ ನಡೆಸಿದವರೂ ಹೆಂಗಸರೇ. ಅದರ ಮೊದಲ ರಾಷ್ಟ್ರೀಯ ಮಹಿಳಾ ಸಾಕರ್ ಪಂದ್ಯಾವಳಿ 1981ರಲ್ಲಿ ಚಾಪಲ್ ಹಿಲ್‌ನಲ್ಲಿ ನಡೆಯಿತು. ಆತಿಥೇಯ ನಾರ್ತ್ ಕ್ಯಾರೊಲಿನಾ ತಂಡ ಸೆಂಟ್ರಲ್ ಫ್ಲೋರಿಡಾವನ್ನು 1-0ಯಿಂದ ಸೋಲಿಸಿತು. ಮೊದಲನೆಯದೇ ಕೊನೆಯದೂ ಆಯಿತು. ಅಷ್ಟರಲ್ಲಿ ಎನ್‌ಸಿಎಎ ಮನಸ್ಸು ಬದಲಿಸಿ, ಮಹಿಳಾ ಚಾಂಪಿಯನ್‌ಷಿಪ್‌ಗಳನ್ನು ತಾನೇ ನಡೆಸುವುದಾಗಿ ನಿರ್ಧರಿಸಿತ್ತು. ಹೆಚ್ಚುವರಿ ಸದಸ್ಯತ್ವ ಶುಲ್ಕವಿಲ್ಲ, ಪ್ರಯಾಣದ ಖರ್ಚೂ ತನ್ನದೇ ಎಂದಿತು. ಅಷ್ಟು ಹಣದ ಮುಂದೆ ಎಐಎಡಬ್ಲ್ಯು ನಿಲ್ಲುವುದಾದರೂ ಹೇಗೆ? 1982ರಲ್ಲಿ ಬಾಗಿಲು ಹಾಕಿತು, ಹೂಡಿದ ಮೊಕದ್ದಮೆಯನ್ನೂ ಸೋತಿತು. ಅದೇ ವರ್ಷ 12 ತಂಡಗಳ ಮೊದಲ ಎನ್‌ಸಿಎಎ ಪಂದ್ಯಾವಳಿ ನಡೆದು, ಒರ್ಲ್ಯಾಂಡೊದ ಫೈನಲ್‌ನಲ್ಲಿ ಅದೇ ಎರಡು ತಂಡಗಳು ಎದುರಾದವು. ಗೆದ್ದದ್ದೂ ಅದೇ ತಂಡ, 2-0.

ಈ ಬದಲಾವಣೆಯಲ್ಲಿ ಕಳೆದುಹೋದದ್ದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. 1972ರಲ್ಲಿ ಕಾಲೇಜು ಮಹಿಳಾ ತಂಡಗಳ ಕೋಚ್‌ಗಳಲ್ಲಿ ನೂರಕ್ಕೆ ತೊಂಬತ್ತು ಮಂದಿ ಹೆಂಗಸರಿದ್ದರು. ಈಗ ಅರ್ಧಕ್ಕಿಂತ ಕಡಿಮೆ. ಹುದ್ದೆಗೆ ಸಂಬಳ, ಗೌರವ ಬಂದ ಮೇಲೆ ಗಂಡಸರು ಬಂದರು. 1982ರಿಂದ 2024ರ ತನಕದ 43 ಸಾಕರ್ ಕಪ್ಪುಗಳಲ್ಲಿ ಮಹಿಳಾ ಮುಖ್ಯ ಕೋಚ್ ಎತ್ತಿದ್ದು ನಾಲ್ಕನ್ನು ಮಾತ್ರ: 1998ರಲ್ಲಿ ಫ್ಲೋರಿಡಾದ ಬೆಕಿ ಬರ್ಲಿ, 2013ರಲ್ಲಿ ಯುಸಿಎಲ್‌ಎಯ ಅಮಾಂಡ ಕ್ರೋಮ್‌ವೆಲ್, 2015ರಲ್ಲಿ ಪೆನ್ ಸ್ಟೇಟ್‌ನ ಎರಿಕಾ ಡ್ಯಾಂಬಾಕ್, ಮತ್ತೆ ಆ 16 ಸೆಕೆಂಡಿನ ಫೈನಲ್‌ನಲ್ಲಿ ಮಾರ್ಗರೀಟ್ ಆಓಝಾಸಾ. ಮುಖ್ಯ ಕೋಚ್ ಆಗಿ ಆಓಝಾಸಾಗೆ ಅದು ಮೊದಲ ವರ್ಷ.

ಉಳಿದ ಕಪ್ಪುಗಳಲ್ಲಿ 21 ಒಬ್ಬರದೇ. ಆನ್ಸನ್ ಡೊರಾನ್ಸ್ ಹುಟ್ಟಿದ್ದು 1951ರಲ್ಲಿ, ಬೊಂಬಾಯಿಯಲ್ಲಿ. ಅಪ್ಪ ತೈಲ ಕಂಪನಿಯವರು, ಹಾಗಾಗಿ ಬಾಲ್ಯ ದೇಶದಿಂದ ದೇಶಕ್ಕೆ ಸಾಗಿತು. ಚಾಪಲ್ ಹಿಲ್‌ನಲ್ಲಿ ಪುರುಷರ ತಂಡದ ಕೋಚ್ ಆಗಿದ್ದವರು 1979ರಲ್ಲಿ ಮಹಿಳೆಯರ ತಂಡವನ್ನೂ ಕಟ್ಟಿದರು. ಎನ್‌ಸಿಎಎಯ ಮೊದಲ 13 ವರ್ಷಗಳಲ್ಲಿ 12 ಕಪ್ಪು ಅವರ ತಂಡದ್ದು. ಆ ಅವಧಿಯಲ್ಲಿ ಕೈತಪ್ಪಿದ್ದು 1985ರದ್ದೊಂದೇ, ಅಂದು ಜಾರ್ಜ್ ಮೇಸನ್ 2-0 ಗೆದ್ದಿತ್ತು. ಮುಂದೆ ಜಗತ್ಪ್ರಸಿದ್ಧರಾದ ಮಿಯಾ ಹ್ಯಾಮ್ ಅಲ್ಲಿ ಆಡಿದ ನಾಲ್ಕು ಸೀಸನ್‌ಗಳಲ್ಲಿ ನಾಲ್ಕೂ ಕಪ್ಪು ಬಂದವು, 103 ಗೋಲು ಹೊಡೆದರು, ಸೋತದ್ದು ಒಂದೇ ಪಂದ್ಯ. 1990ರಿಂದ 1994ರವರೆಗೆ ತಂಡ ಸತತ 92 ಪಂದ್ಯ ಗೆದ್ದಿತು.

ಡೊರಾನ್ಸ್ ಆಗ ರಾಷ್ಟ್ರೀಯ ಮಹಿಳಾ ತಂಡಕ್ಕೂ ಕೋಚ್. 1991ರಲ್ಲಿ ಚೀನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್ಪಿಗೆ ಅವರು ಕರೆದೊಯ್ದ 18 ಮಂದಿಯಲ್ಲಿ 9 ಜನ ನಾರ್ತ್ ಕ್ಯಾರೊಲಿನಾದಲ್ಲಿ ಆಡಿದವರು. ಫೈನಲ್‌ನಲ್ಲಿ ನಾರ್ವೆ ವಿರುದ್ಧ ಎರಡೂ ಗೋಲು ಹೊಡೆದ ಮಿಶೆಲ್ ಏಕರ್ಸ್ ಮಾತ್ರ ಸೆಂಟ್ರಲ್ ಫ್ಲೋರಿಡಾದವರು, ಅಂದರೆ ಆ ಮೊದಲ ಎರಡು ಫೈನಲ್ ಸೋತ ವಿಶ್ವವಿದ್ಯಾಲಯದವರು. ಆ ಕಾಲಕ್ಕೆ ಅಮೆರಿಕದಲ್ಲಿ ಹೆಂಗಸರಿಗೆ ವೃತ್ತಿಪರ ಲೀಗ್ ಎಂಬುದೇ ಇರಲಿಲ್ಲ. ಲೀಗೂ ಅಕಾಡೆಮಿಯೂ ಮಾಡಬೇಕಾದ ಕೆಲಸವನ್ನೆಲ್ಲ ಈ ಕಾಲೇಜು ಪಂದ್ಯಾವಳಿ ಒಂದೇ ಹೊತ್ತಿತ್ತು.

ಇದೇ ಚರಿತ್ರೆಯಲ್ಲಿ ಇದೂ ಸೇರಬೇಕು: 1998ರಲ್ಲಿ ಇಬ್ಬರು ಮಾಜಿ ಆಟಗಾರ್ತಿಯರು ಡೊರಾನ್ಸ್ ವಿರುದ್ಧ ಲೈಂಗಿಕ ಕಿರುಕುಳದ ಮೊಕದ್ದಮೆ ಹೂಡಿದರು. ಅವರು ಆರೋಪವನ್ನು ನಿರಾಕರಿಸಿದರು. ಒಂದು 2004ರಲ್ಲಿ, ಇನ್ನೊಂದು 2008ರಲ್ಲಿ ರಾಜಿಯಲ್ಲಿ ಮುಗಿದವು. ಆಟಗಾರ್ತಿಯರ ಖಾಸಗಿ ಬದುಕಿನ ಮಾತುಕತೆಯಲ್ಲಿ ತಾವು ಸೇರಿದ್ದು ಸರಿಯಲ್ಲವೆಂದು ಒಪ್ಪಿ ಅವರು ಕ್ಷಮೆ ಕೇಳಿದರು. ದೂರು ಕೊಟ್ಟವರಲ್ಲಿ ಒಬ್ಬರು ಸುಮಾರು ಹತ್ತು ವರ್ಷ ಕಾದಿದ್ದರು ಎಂಬುದನ್ನು ಕಪ್ಪುಗಳ ಲೆಕ್ಕದ ಪಕ್ಕದಲ್ಲೇ ಬರೆಯಬೇಕು.

ಆ ಒಂದೇ ತಂಡದ ಹಿಡಿತ ಸಡಿಲಿದ ಕಥೆ ನನಗೆ ಹೆಚ್ಚು ಇಷ್ಟ. 1995ರ ಸೆಮಿಫೈನಲ್‌ನಲ್ಲಿ, ಅದೂ ಚಾಪಲ್ ಹಿಲ್‌ನಲ್ಲೇ, ತನ್ನದೇ ಆಟಗಾರ್ತಿಯ ತಲೆಗೆ ತಗುಲಿ ತನ್ನದೇ ಬಲೆಗೆ ಹೋದ ಚೆಂಡಿನಿಂದ ನಾರ್ತ್ ಕ್ಯಾರೊಲಿನಾ ನೋಟರ್ ಡೇಮ್‌ಗೆ ಸೋತಿತು. ಫ್ಲೋರಿಡಾ ವಿಶ್ವವಿದ್ಯಾಲಯ ತಂಡ ಕಟ್ಟಿದ್ದೇ 1995ರಲ್ಲಿ. ನಾಲ್ಕನೇ ಸೀಸನ್‌ಗೆ ಅದು ಚಾಂಪಿಯನ್, ತಂಡದಲ್ಲಿದ್ದ ಮೊದಲ ವರ್ಷದ ವಿದ್ಯಾರ್ಥಿನಿ, ಮುಂದೆ ಅಮೆರಿಕ ತಂಡದ ತಾರೆಯಾದ ಆ್ಯಬಿ ವಾಂಬಾಕ್. 2002ರಲ್ಲಿ ಪೋರ್ಟ್‌ಲ್ಯಾಂಡ್‌ನ ಕೋಚ್ ಕ್ಲೈವ್ ಚಾರ್ಲ್ಸ್ ಕ್ಯಾನ್ಸರ್‌ನಲ್ಲೇ ತಂಡವನ್ನು ನಡೆಸಿದರು. ಫೈನಲ್‌ನಲ್ಲಿ ತಂಡದ ಎರಡೂ ಗೋಲು ಹೊಡೆದು ಕಪ್ಪು ತಂದದ್ದು ಕೆನಡಾದ ಕ್ರಿಸ್ಟೀನ್ ಸಿಂಕ್ಲೇರ್, ಎರಡನೆಯದು ಹೆಚ್ಚುವರಿ ಅವಧಿಯಲ್ಲಿ. ಮರುವರ್ಷ ಆಗಸ್ಟ್‌ನಲ್ಲಿ ಚಾರ್ಲ್ಸ್ ತೀರಿಕೊಂಡರು. 2001ರಿಂದ ಪಂದ್ಯಾವಳಿಗೆ 64 ತಂಡಗಳು. ಸ್ಟ್ಯಾನ್‌ಫರ್ಡ್, ಫ್ಲೋರಿಡಾ ಸ್ಟೇಟ್ ಮತ್ತೆ ಮತ್ತೆ ಗೆಲ್ಲತೊಡಗಿದವು. 2024ರಲ್ಲಿ ಸೀಸನ್ ಇನ್ನೇನು ಶುರುವಾಗಬೇಕು ಎನ್ನುವಾಗ ಡೊರಾನ್ಸ್ ನಿವೃತ್ತರಾದರು. ಹಂಗಾಮಿ ಕೋಚ್ ಡೇಮನ್ ನಹಾಸ್ ಕೈಯಲ್ಲಿ ನಾರ್ತ್ ಕ್ಯಾರೊಲಿನಾ ವೇಕ್ ಫಾರೆಸ್ಟನ್ನು 1-0ಯಿಂದ ಮಣಿಸಿ 22ನೇ ಎನ್‌ಸಿಎಎ ಕಪ್ಪು ಎತ್ತಿತು, ಮತ್ತೆ ಕ್ಯಾರಿಯಲ್ಲೇ.

ಕ್ಯಾರಿ ಕನ್ನಡಿಗರಿಗೆ ಅಪರಿಚಿತ ಊರೇನಲ್ಲ. ರಿಸರ್ಚ್ ಟ್ರಯಾಂಗಲ್‌ನ ಕಂಪನಿಗಳಲ್ಲಿ ದುಡಿಯುವ ನಮ್ಮ ಕುಟುಂಬಗಳು ಅಲ್ಲೂ ಪಕ್ಕದ ಮಾರಿಸ್‌ವಿಲ್‌ನಲ್ಲೂ ನೆಲೆಸಿವೆ. ಅಲ್ಲಿ ಬೆಳೆಯುವ ಹುಡುಗಿಗೆ ಕಾಲೇಜು ಫೈನಲ್ ಎಂದರೆ ಟಿವಿಯೊಳಗಿನ ದೂರದ ಸಂಗತಿಯಲ್ಲ, ಅಪ್ಪ ಅಮ್ಮ ಕಾರಿನಲ್ಲಿ ಕರೆದೊಯ್ಯಬಹುದಾದ ಊರ ಮೈದಾನ.

ಆದರೆ ಆ ಹುಡುಗಿ ದೊಡ್ಡವಳಾಗುವ ಹೊತ್ತಿಗೆ ದಾರಿ ಇದೇ ಇರುತ್ತದೆಯೆ? 2012ರಲ್ಲೇ ಲಿಂಡ್ಸಿ ಹೊರಾನ್ ನಾರ್ತ್ ಕ್ಯಾರೊಲಿನಾದ ಸೀಟು ಬಿಟ್ಟು ಪ್ಯಾರಿಸ್ ಕ್ಲಬ್ ಸೇರಿದರು, 2024ರಲ್ಲಿ ಒಲಿಂಪಿಕ್ ಚಿನ್ನ ಗೆದ್ದ ತಂಡದ ನಾಯಕಿಯಾದರು. 2024ರಲ್ಲಿ ಅಮೆರಿಕದ ವೃತ್ತಿಪರ ಮಹಿಳಾ ಲೀಗ್ ಕಾಲೇಜು ಆಟಗಾರ್ತಿಯರನ್ನು ಆರಿಸುವ ಡ್ರಾಫ್ಟನ್ನೇ ಕೈಬಿಟ್ಟಿತು. ಇದು ನನಗೆ ಚಿಂತೆಯ ವಿಷಯವಲ್ಲ. ಹುಡುಗಿಯ ಮುಂದೆ ಎರಡು ದಾರಿ ಇರುವುದು ಒಳ್ಳೆಯದೇ. ಚಿಂತೆ ಮತ್ತೊಂದು ಲೆಕ್ಕದ್ದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಹೊಸ ಒಪ್ಪಂದದಂತೆ ಕಾಲೇಜುಗಳು ತಮ್ಮ ಆಟಗಾರರಿಗೆ ಮೊದಲ ವರ್ಷ 2.05 ಕೋಟಿ ಡಾಲರ್ ತನಕ ಹಂಚಬಹುದು. ಅದರ ಬಹುಪಾಲು ಹೋಗುವುದು ಅಮೆರಿಕನ್ ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲಿಗೆ. ವಿದ್ಯಾರ್ಥಿವೇತನಗಳ ಹಳೆಯ ಮಿತಿ ಹೋಯಿತು, ಬದಲಿಗೆ ತಂಡದಲ್ಲಿ ಎಷ್ಟು ಜನ ಎಂಬುದಕ್ಕೆ ಮಿತಿ ಬಂತು. ಒಪ್ಪಂದಕ್ಕೆ ಸೇರಿದ ಕಾಲೇಜುಗಳ ಮಹಿಳಾ ಸಾಕರ್ ತಂಡಕ್ಕೆ ಅದು 28.

ವಿದ್ಯಾರ್ಥಿವೇತನವಿಲ್ಲದೆ, ಆಯ್ಕೆಯ ದಿನ ತಾನಾಗಿ ಬಂದು ನಿಂತು, ತನ್ನ ಖರ್ಚಿನಲ್ಲೇ ಓದುತ್ತಾ ತಂಡದ ಕೊನೆಯ ಜಾಗ ಹಿಡಿಯುವ ಹುಡುಗಿಯನ್ನು ಅಲ್ಲಿ 'ವಾಕ್ ಆನ್' ಎನ್ನುತ್ತಾರೆ. ಒಪ್ಪಂದದ ಹೊತ್ತಿಗೆ ತಂಡದಲ್ಲಿದ್ದವರಿಗೆ ವಿನಾಯಿತಿ ಸಿಕ್ಕಿತು. ಇನ್ನು ಮುಂದೆ ಬರುವವಳು ಇಪ್ಪತ್ತೊಂಬತ್ತನೆಯವಳಾದರೆ ಅವಳಿಗೆ ಜೆರ್ಸಿ ಇಲ್ಲ.